ಅಜ್ಜಿಯ ಸಂಕಟ

ಪೆರ್ಲ, ಕಾಸರಗೋಡು, 2023 ಜುಲೈ 19, ಬುಧವಾರ

ಆಟಿ ತಿಂಗಳು ಹುಟ್ಟಿದ್ದಷ್ಟೇ, ಬೆಳಗ್ಗಿನಿಂದ ಬಿಡದ ಮಳೆ. ಪಾಲಿಯೇಟಿವಿನ, ಅಂದರೆ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವವರ, ಜೀಪು ತೋಡಿನ ಈಚೆಗೇ ನಿಂತಿತು. ಸಂಕ ದಾಟಿ ಗುಡ್ಡೆ ಹತ್ತಿ ಸಿಸ್ಟರೂ ನಾನೂ ನಡೆದೇ ಹೋದೆವು. ಅವರ ಹೆಗಲಿಗೆ ಮದ್ದಿನ ಚೀಲ, ನನ್ನ ಕೈಯಲ್ಲಿ ಕೊಡೆ.

ಮೊದಲ ಮನೆಯಲ್ಲಿ ನನ್ನ ಕೆಲಸ ಸುಮ್ಮನೆ ಕೂರುವುದು. ಹುಡುಗನಿಗೆ ಈಗ ಇಪ್ಪತ್ತೇಳು, ಹುಟ್ಟಿದಂದಿನಿಂದ ಮಲಗಿದಲ್ಲೇ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲದವನು. ಅದು ನಿಂತದ್ದು 2000ದಲ್ಲಿ. ನಮ್ಮಲ್ಲಿ ಅದನ್ನೂ ‘ಮದ್ದು’ ಎಂದೇ ಹೇಳುತ್ತಿದ್ದದ್ದು. ಆ ಶಬ್ದ ಈಗಲೂ ನನ್ನ ಬಾಯಲ್ಲಿ ಹಗುರವಾಗಿ ಬರುವುದಿಲ್ಲ. ನಾನು ಅವನ ಹತ್ತಿರ ಕೂತರೆ ತಾಯಿಗೆ ಒಂದು ಗಂಟೆ ಸಿಗುತ್ತದೆ. ಇವತ್ತು ತಲೆಗೆ ಎಣ್ಣೆ ಹಾಕಿ, ಬಿಸಿನೀರಲ್ಲಿ ಮಿಂದು ಬಂದರು. “ಬಾಗಿಲು ಹಾಕಿ ಮಿಂದು ಎಷ್ಟು ಸಮಯ ಆಯಿತೋ ಟೀಚರೇ, ಕಿವಿ ಇವನ ಕಡೆಗೇ ಇರುತ್ತದಲ್ಲ” ಎಂದರು.

ಮತ್ತೆ ಅಜ್ಜಿಯ ಮನೆ. ಎದೆಯ ಕ್ಯಾನ್ಸರ್ ಎಲುಬಿಗೆ ಹಬ್ಬಿದೆ. ಕಳೆದ ತಿಂಗಳು ಮಾರ್ಫಿನ್ ಮಾತ್ರೆ ಶುರುವಾದ ಮೇಲೆ ನೋವು ಇಳಿಯಿತು, ಆದರೆ ಅಜ್ಜಿ ಗಂಜಿ ಬಿಟ್ಟರು. ಕೇಳಿದರೆ ‘ಸಂಕಟ’ ಎಂಬ ಒಂದೇ ಮಾತು. ಸಿಸ್ಟರ್ ಕೇರಳದ ತೆಂಕಲಿನ ಜಿಲ್ಲೆಯವರು, ಕನ್ನಡ ಬಾರದು. ಮಲಯಾಳದಲ್ಲಿ ಸಂಕಟವೆಂದರೆ ದುಃಖ. ಮೊದಲ ಎರಡು ಸಲವೂ ಅಜ್ಜಿಯ ಕೈ ಹಿಡಿದು ಕೂತು ಸಮಾಧಾನ ಮಾಡಿದ್ದರು, ಪಾಪ, ಅಷ್ಟು ಅಕ್ಕರೆಯಿಂದ. ಮೂರನೆಯ ಸಲ, ಅಂದರೆ ಕಳೆದ ಸಲ, ಜೊತೆಗೆ ನಾನಿದ್ದೆ. “ಎಲ್ಲಿ ಅಜ್ಜಿ ಸಂಕಟ?” ಎಂದದ್ದಕ್ಕೆ ಹೊಟ್ಟೆಯ ಮೇಲೆ ಕೈಯಿಟ್ಟರು. “ಇಲ್ಲಿಂದ ತೊಳಸಿಕೊಂಡು ಗಂಟಲಿಗೆ ಬರುತ್ತದೆ ಮಗಳೇ. ಹೊರಗೆ ಹೋಗದೆ ಐದು ದಿವಸ. ಆ ಹುಡುಗಿಯ ಹತ್ತಿರ ಹೇಗೆ ಹೇಳುವುದು?” ವಾಕರಿಕೆ, ಮಲಬದ್ಧತೆ ಎರಡೂ ಮಾರ್ಫಿನ್ ಜೊತೆಗೆ ಬರುವಂಥವು, ಎರಡಕ್ಕೂ ಮದ್ದಿದೆ. ಹೊಟ್ಟೆ ಸಡಿಲಿಸುವ ಮಾತ್ರೆ ಮೊದಲೇ ಕೊಟ್ಟದ್ದೂ ಹೌದು. ಅದು ಯಾವುದಕ್ಕೆಂದು ತಿಳಿಯದೆ ಅಜ್ಜಿ ತಲೆದಿಂಬಿನ ಅಡಿಯಲ್ಲಿ ಇಟ್ಟುಬಿಟ್ಟಿದ್ದರು. ಸಿಸ್ಟರ್ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದರು. ನಾನು ಪ್ರತಿ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ಕನ್ನಡದಲ್ಲಿ ಬರೆದೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ. ಅಷ್ಟು ಜಾಗ್ರತೆಯಿಂದ ಯಾವತ್ತೂ ಬರೆದಿರಲಿಲ್ಲ.

ಅಪ್ಪ ಮಲಗಿದ್ದಾಗ ನನಗೇನೂ ಗೊತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು ಎಂಬುದು ಕೂಡ. ಬೆನ್ನಿನ ಹುಣ್ಣು ಎಲುಬು ಕಾಣುವಷ್ಟಾಗಿತ್ತು. ಕೇರಳ ಸರಕಾರ ಪಾಲಿಯೇಟಿವ್ ನೀತಿ ತಂದದ್ದು 2008ರಲ್ಲಿ. ಪಂಚಾಯತಿನ ಸಿಸ್ಟರುಗಳು ಮನೆಮನೆಗೆ ಬರತೊಡಗುವ ಮೊದಲೇ ಅಪ್ಪ ಹೋದರು. ಪೆನ್ಶನ್ ಆದ ಮೇಲೆ ವಾಲಂಟಿಯರ್ ತರಬೇತಿಯಲ್ಲಿ ಮಗ್ಗುಲು ತಿರುಗಿಸಲು ಕಲಿತ ದಿನ ಮನೆಗೆ ಬಂದು ತುಂಬ ಅತ್ತಿದ್ದೆ. ಈಗ ಯಾರದೋ ಮನೆಯಲ್ಲಿ ಸೊಸೆಗೆ ಮೊಣಕಾಲಿನ ನಡುವೆ ದಿಂಬು ಇಡುವುದನ್ನು ತೋರಿಸುವಾಗ ಅಪ್ಪನ ಬೆನ್ನು ಕಣ್ಣೆದುರು ಬಂದೇ ಬರುತ್ತದೆ. ಮೊದಲಿನ ಹಾಗೆ ಉಸಿರು ಕಟ್ಟುವುದಿಲ್ಲ, ಕೈ ಕೆಲಸ ಮಾಡುತ್ತಿರುತ್ತದೆ. “ಇದರಿಂದ ನಿಮಗೇನು ಸಿಗುತ್ತದೆ?” ಎಂದು ಕೇಳುವವರಿಗೆ ಇದನ್ನು ಈವರೆಗೆ ಹೇಳಿಲ್ಲ.

ಇವತ್ತು ನಾವು ಹೋದಾಗ ಅಜ್ಜಿ ಗೋಡೆಗೆ ಒರಗಿ ಕೂತು ಗಂಜಿ ಉಣ್ಣುತ್ತಿದ್ದರು, ಮಿಡಿ ಉಪ್ಪಿನಕಾಯಿ ನಂಜಿಕೊಂಡು. ನನಗೆ ಕುಣಿಯುವಷ್ಟು ಖುಷಿ. ಬಟ್ಟಲು ಕೆಳಗಿಟ್ಟು ಅಂಗಳದ ಕಡೆ ನೋಡಿದರು. ಮುಂಬಯಿಯಲ್ಲಿರುವ ದೊಡ್ಡ ಮಗ ಈ ಸಲವೂ ಬರುವುದಿಲ್ಲವಂತೆ, ನಿನ್ನೆ ಫೋನು ಬಂದಿತ್ತು.

“ಸಂಕಟ ಆಗುತ್ತದೆ” ಎಂದರು.

ಸಿಸ್ಟರ್ ಥಟ್ಟನೆ ನನ್ನ ಮುಖ ನೋಡಿ ತಮ್ಮ ಹೊಟ್ಟೆಯನ್ನು ಮುಟ್ಟಿ ತೋರಿಸಿದರು. ಅಲ್ಲವೆಂದು ನಾನು ತಲೆಯಾಡಿಸಿದೆ. ಅವರು ಚೀಲ ಕೆಳಗಿಟ್ಟು ಅಜ್ಜಿಯ ಪಕ್ಕದಲ್ಲಿ ಕೂತರು.