ದುಬಾರಿ ಕೈಗಡಿಯಾರ ಮಾರಲು ಹೊರಟಾಗ ಕೈಗೆ ಬರುವುದೆಷ್ಟು?

ತುಮಕೂರಿನಲ್ಲಿ ಕೈಗಡಿಯಾರದ ಮಾತೆತ್ತಿದರೆ ಎಚ್‌ಎಂಟಿಯ ಹೆಸರು ಬಾರದೆ ಇರುವುದಿಲ್ಲ. ಕಾರ್ಖಾನೆ ಮುಚ್ಚಿ ಅದರ ಜಾಗ ಇಸ್ರೋದ ಪಾಲಾದ ಮೇಲೂ, ವಾಚನ್ನು ಕಿವಿಗೆ ಹಿಡಿದು ಅದರ ನಡೆ ಸರಿಯಿದೆಯೇ ಎಂದು ಹೇಳಬಲ್ಲ ಹಿರಿಯರು ಈ ಊರಿನಲ್ಲಿದ್ದಾರೆ. ಅಂಥ ಊರಿನಲ್ಲಿ ಈಗ ಬೇರೆಯದೇ ಒಂದು ಪ್ರಶ್ನೆ ಕೇಳಿಬರುತ್ತಿದೆ: ನಾಲ್ಕೈದು ಲಕ್ಷ ಕೊಟ್ಟು ಸ್ವಿಸ್ ವಾಚು ಕೊಂಡರೆ, ಕಷ್ಟಕಾಲದಲ್ಲಿ ಚಿನ್ನದ ಹಾಗೆ ಅದನ್ನು ಮಾರಿ ಹಣ ಮಾಡಿಕೊಳ್ಳಬಹುದೇ?

ಬಹುಪಾಲು ವಾಚುಗಳ ಮಟ್ಟಿಗೆ ಈ ನಂಬಿಕೆ ನಿಲ್ಲುವುದಿಲ್ಲ. ಒಡವೆ ಮಾರುವಾಗ ಮಜೂರಿ, ವೇಸ್ಟೇಜ್ ಹೋದರೂ ಚಿನ್ನದ ತೂಕಕ್ಕೆ ಅಂದಿನ ದರ ಸಿಕ್ಕೇ ಸಿಗುತ್ತದೆ; ಉಕ್ಕಿನ ವಾಚಿನಲ್ಲಿ ಹಾಗೆ ತೂಗಿ ಕೊಡುವಂಥದ್ದು ಏನೂ ಇಲ್ಲ, ಅದರ ಬೆಲೆಯೆಲ್ಲ ಕೊಳ್ಳುವವನ ಆಸೆಯ ಮೇಲೆ ನಿಂತಿದೆ. ರೋಲೆಕ್ಸ್‌ನ ಡೇಟೋನಾದಂಥ ಕೆಲವು ಉಕ್ಕಿನ ಮಾದರಿಗಳು, ಪಾಟೆಕ್ ಫಿಲಿಪ್‌ನ ನಾಟಿಲಸ್, ಓಡೆಮಾರ್ ಪಿಗೆಯ ರಾಯಲ್ ಓಕ್, ಹೀಗೆ ಬೆರಳೆಣಿಕೆಯ ವಾಚುಗಳು ಅಂಗಡಿಯ ದರವನ್ನು ಮೀರಿ ಮಾರಾಟವಾಗಿವೆ. ಉಳಿದವು, ಒಳ್ಳೆಯ ಹೆಸರಿನವೂ ಸೇರಿದಂತೆ, ಸಾಮಾನ್ಯವಾಗಿ ಕೈ ಬದಲಾದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಚಿನ್ನದ ಕೇಸಿನ, ಎಂದರೆ ಚಿನ್ನದ ಹೊರಕವಚದ, ಎಷ್ಟೋ ವಾಚುಗಳಿಗೂ ಈ ಪಾಡು ತಪ್ಪಿಲ್ಲ.

ಹಾಗಿದ್ದರೂ ಉಕ್ಕಿಗೆ ಈ ಬೆಲೆ ಬಂದದ್ದು ಹೇಗೆ? 1969ರ ಕೊನೆಯಲ್ಲಿ ಜಪಾನಿನ ಸೀಕೋ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ, ನಿಖರವಾದ ಸಮಯಕ್ಕಾಗಿ ಸ್ಪ್ರಿಂಗಿನಿಂದ ನಡೆಯುವ ದುಬಾರಿ ಯಾಂತ್ರಿಕ ವಾಚು ಕೊಳ್ಳಬೇಕಾದ ಅಗತ್ಯವೇ ಉಳಿಯಲಿಲ್ಲ. ಆ ಸಂಕಟದ ಕಾಲದಲ್ಲೇ, 1972ರಲ್ಲಿ, ಜೆರಾಲ್ಡ್ ಜೆಂಟಾ ವಿನ್ಯಾಸ ಮಾಡಿದ ರಾಯಲ್ ಓಕ್ ಬಂತು. ಉಕ್ಕಿನದಾದರೂ ಅದಕ್ಕೆ ಅಂದಿನ ಎಷ್ಟೋ ಚಿನ್ನದ ವಾಚುಗಳಿಗಿಂತ ಹೆಚ್ಚಿನ ಬೆಲೆ ಕಟ್ಟಲಾಗಿತ್ತು. 1976ರ ನಾಟಿಲಸ್ ಕೂಡ ಅವರದೇ ವಿನ್ಯಾಸ. ಕಡಿಮೆ ಸಂಖ್ಯೆಯಲ್ಲಿ ತಯಾರಿಸಿ ಕೊಳ್ಳುವವರನ್ನು ಕಾಯಿಸುವ ಪದ್ಧತಿ ಮುಂದೆ ಬೇರೂರಿತು. ಕುಶಲತೆಯ ಬಗ್ಗೆ ನನಗೆ ಅಪಾರ ಗೌರವವಿದೆ; ಆದರೆ ಮರುಮಾರಾಟದ ಬೆಲೆಯನ್ನು ಎತ್ತಿ ಹಿಡಿದಿರುವುದು ಕುಶಲತೆಗಿಂತ ಹೆಚ್ಚಾಗಿ ಈ ಕೊರತೆಯೇ ಎಂದು ನಾನು ನಂಬಿದ್ದೇನೆ.

ಹರಾಜಿನ ಸುದ್ದಿಗಳು ನಮ್ಮ ಕಣ್ಣು ಕುಕ್ಕುತ್ತವೆ. 2021ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಆಭರಣ ಕಂಪನಿ ಟಿಫನಿಯ ನೀಲಿ ಬಣ್ಣದ ಡಯಲ್ ಇದ್ದ ನಾಟಿಲಸ್ ಸುಮಾರು 65 ಲಕ್ಷ ಡಾಲರಿಗೆ ಹೋಯಿತು. 2019ರಲ್ಲಿ ಜಿನೀವಾದಲ್ಲಿ ಪಾಟೆಕ್‌ನ ಉಕ್ಕಿನ ಗ್ರ್ಯಾಂಡ್‌ಮಾಸ್ಟರ್ ಚೈಮ್ 3 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಮಾರಾಟವಾಯಿತು. ಆ ಎರಡೂ ಮಾರಾಟಗಳ ಹಣ ಸತ್ಕಾರ್ಯಗಳಿಗೆ ಮೀಸಲಾಗಿತ್ತು ಎಂಬುದನ್ನು ಸುದ್ದಿ ಓದಿದ ಎಷ್ಟೋ ಜನ ಗಮನಿಸಿರಲಾರರು. ದಾನದ ಹರಾಜಿನಲ್ಲಿ ಕೂಗಿದ ಬೆಲೆಯಿಂದ ಪೇಟೆಯ ಬೆಲೆಯನ್ನು ಅಳೆಯಲಾಗದು. ಪೇಟೆಯಲ್ಲಿ ನಡೆದದ್ದು ಬೇರೆ: ಕೊರೊನಾ ಕಾಲದಲ್ಲಿ ಹುಚ್ಚೆದ್ದು ಏರಿದ ಬೆಲೆಗಳು 2022ರ ಆರಂಭದಲ್ಲಿ ತುದಿ ಮುಟ್ಟಿ, ಬಡ್ಡಿದರ ಏರುತ್ತಿದ್ದಂತೆ ಇಳಿಮುಖವಾದವು. ಆ ತುದಿಯಲ್ಲಿ ಕೊಂಡವರು ಬೇಡಿಕೆಯ ವಾಚನ್ನೇ ಕೊಂಡಿದ್ದರೂ ನಷ್ಟಕ್ಕೆ ಗುರಿಯಾದರು.

ಒಂದೇ ಮಾದರಿಯ ಎರಡು ವಾಚುಗಳ ನಡುವಿನ ಅಂತರವನ್ನು ಭೂತಗನ್ನಡಿ ತೋರಿಸಿಕೊಡುತ್ತದೆ. ಸ್ಟ್ರಾಪು ಕೂರುವ ಕಿವಿಗಳ ಅಂಚು ಚೂಪಾಗಿದ್ದು, ಉಜ್ಜಿದ ಮೈಯೂ ಹೊಳಪಿನ ಮೈಯೂ ಸೇರುವ ಗೆರೆ ಸ್ಪಷ್ಟವಾಗಿದ್ದರೆ ಆ ಕೇಸಿಗೆ ಅತಿಯಾದ ಪಾಲಿಶ್ ತಾಗಿಲ್ಲವೆಂದು ಅರ್ಥ. ಪದೇ ಪದೇ ಪಾಲಿಶ್ ಮಾಡಿಸಿದ ಕೇಸು ಹೊಸದರಂತೆ ಹೊಳೆಯುತ್ತದೆ, ಆದರೆ ಅಂಚುಗಳು ಸವೆದು ದುಂಡಗಾಗಿರುತ್ತವೆ. ಸಂಗ್ರಾಹಕರು ಅದಕ್ಕೆ ಹಿಂದೆಮುಂದೆ ನೋಡದೆ ಬೆಲೆ ಇಳಿಸುತ್ತಾರೆ. ಡಯಲ್ಲಿಗೆ ಹೊಸದಾಗಿ ಬಣ್ಣ ಬಳಿಸಿದ್ದರೆ ಅಕ್ಷರಗಳು ಭೂತಗನ್ನಡಿಯಡಿಯಲ್ಲಿ ದಪ್ಪವಾಗಿ, ಅಂಚು ಕದಡಿದಂತೆ ಕಾಣುತ್ತವೆ. ಎಚ್‌ಎಂಟಿಯ ಜನತಾ, ಪೈಲಟ್ ವಾಚುಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಕಾರ್ಖಾನೆಯಿಂದ ಎಂದೂ ಹೊರಬರದ ಕಡುಬಣ್ಣಗಳ ಡಯಲ್ ಹಾಕಿದ ವಾಚುಗಳು ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತವೆ. ಬಣ್ಣ ಮಾಸಿದರೂ ಮೂಲ ಡಯಲ್ ಉಳಿಸಿಕೊಂಡಿರುವ ವಾಚಿಗೇ ನಿಜವಾದ ಬೆಲೆ. ನಮ್ಮೂರಿನ ಮನೆಗಳ ಬೀರುಗಳಲ್ಲಿ ಅಂಥವು ಇನ್ನೂ ಇವೆ. ದಯವಿಟ್ಟು ಅವುಗಳಿಗೆ ಹೊಸ ಬಣ್ಣ ಬಳಿಸಬೇಡಿ.

ವಾರಂಟಿ ಕಾರ್ಡು, ಪೆಟ್ಟಿಗೆ, ಸರ್ವಿಸ್ ಮಾಡಿಸಿದ ಬಿಲ್ಲುಗಳನ್ನು ಎತ್ತಿಡಬೇಕು. ನಕಲಿಗಳು ಅಸಲಿಗೆ ಸಮನಾಗಿ ಕಾಣುವ ಈ ಕಾಲದಲ್ಲಿ ಕಾಗದಪತ್ರವಿಲ್ಲದ ವಾಚನ್ನು ಕೊಳ್ಳುವವನು ಅನುಮಾನದಿಂದಲೇ ಚೌಕಾಸಿ ಶುರುಮಾಡುತ್ತಾನೆ.

ನಮ್ಮ ದೇಶದಲ್ಲಿ ಕೊಳ್ಳುವವರು ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಸ ವಾಚಿನ ಮೇಲಿನ ಶೇ 18ರ ಜಿಎಸ್‌ಟಿಯನ್ನು ನೀವು ಕಟ್ಟಿರುತ್ತೀರಿ, ಮಾರುವಾಗ ಅದನ್ನು ಯಾರೂ ಪ್ರತ್ಯೇಕವಾಗಿ ಹಿಂತಿರುಗಿಸುವುದಿಲ್ಲ. ಇದರ ಮೇಲೆ ಆಮದು ಸುಂಕದ ಮಾತೂ ಇದೆ. ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ದೇಶಗಳ ಜೊತೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಮೇಲಿನ ಸುಂಕ ಹಂತಹಂತವಾಗಿ ಇಳಿಯಲಿದೆ. ಅದರ ಲಾಭವನ್ನು ಕಂಪನಿಗಳು ಗ್ರಾಹಕರಿಗೆ ದಾಟಿಸಿದಷ್ಟೂ, ಹಳೆಯ ಸುಂಕ ಕೊಟ್ಟು ಕೊಂಡ ವಾಚು ಅಗ್ಗವಾದ ಹೊಸ ವಾಚಿನ ಎದುರು ನಿಂತು ಗಿರಾಕಿಯನ್ನು ಹುಡುಕಬೇಕಾಗುತ್ತದೆ.