ಬದಲಾಗಿದ್ದಾರಾ ಅಂತ ಅಕ್ಕನನ್ನು ಕೇಳಿ

ಕಳೆದ ತಿಂಗಳು ಪಕ್ಕದ ಮನೆ ಅಕ್ಕನ ಜೊತೆ ಸಕಲೇಶಪುರದಿಂದ ಹಾಸನಕ್ಕೆ ಹೋಗಿದ್ದೆ. ಅಕ್ಕನಿಗೆ ಹೊಡೆಯುತ್ತಿದ್ದ ಅವರ ಗಂಡನಿಗೆ ಕೌನ್ಸೆಲಿಂಗ್ ಇತ್ತು. ಕೋರ್ಟ್ ಹೇಳಿದ್ದು, ಇದು ಮೂರನೇ ಸಲ. ಭಾವ ಒಳಗೆ ಮುಕ್ಕಾಲು ಗಂಟೆ ಕೂತಿದ್ದರು. ಅಕ್ಕ ಹೊರಗೆ ಬೆಂಚಿನ ಮೇಲೆ. ಕೊನೆಗೆ ಕೌನ್ಸೆಲರ್ ಮೇಡಂ ಅಕ್ಕನನ್ನೂ ಕರೆದು, ಭಾವನ ಎದುರಿಗೇ, "ಈಗ ಪರವಾಗಿಲ್ವಾ ಅಮ್ಮಾ?" ಅಂತ ಕೇಳಿದರು. ಅಕ್ಕ ಹೂಂ ಅಂದರು. ಇನ್ನೇನು ಹೇಳೋಕಾಗುತ್ತೆ, ಸಂಜೆ ಅದೇ ಮನೆಗೆ ಹೋಗಬೇಕಲ್ವಾ?

ವಾಪಸ್ ಬರುವಾಗ ಭಾವ ಬಸ್ಸಿನ ಹಿಂದಿನ ಸೀಟಲ್ಲಿ ನಿದ್ದೆ ಹೋದ ಮೇಲೆ ಅಕ್ಕ ಬಾಯಿಬಿಟ್ಟರು. ಹೊಡೆಯೋದು ನಿಂತಿದೆ, ನಿಜ. ಆದರೆ ಈಗ ಮಾತೆತ್ತಿದರೆ "ನೀನು ಸಿಟ್ಟು ಬರಿಸಬೇಡ, ಮೇಡಂ ಹೇಳಿದ್ದಾರೆ" ಅಂತಾರಂತೆ. ತೋಟದ ಕೂಲಿ ದುಡ್ಡು ಇವತ್ತಿಗೂ ಅವರ ಕೈಗೇ ಕೊಡಬೇಕು. ತವರಿಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಬೇಕು. ಬೈಕ್ ಸದ್ದು ಕೇಳಿದ ಕೂಡಲೇ ಮಕ್ಕಳು ಟಿವಿ ಆಫ್ ಮಾಡಿ ಪುಸ್ತಕ ಹಿಡೀತಾರೆ. ಇದನ್ನೆಲ್ಲ ಯಾರೂ ಕೇಳಲಿಲ್ಲ.

ನಮ್ಮ ಕಡೆ ಕುಡಿತ ಬಿಡಿಸಿದರೆ ಎಲ್ಲ ಸರಿಹೋಗುತ್ತೆ ಅಂತಾರೆ. ಭಾವ ಮದ್ಯವರ್ಜನ ಶಿಬಿರಕ್ಕೂ ಹೋಗಿ ಬಂದರು. ಕುಡಿಯದೇ ಇದ್ದಾಗಲೂ ಹೊಡೆದರು.

ಮನೆಗೆ ಬಂದು ಕಾನೂನು ಓದಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದುಡ್ಡು ಕಿತ್ತುಕೊಳ್ಳೋದೂ ದೌರ್ಜನ್ಯವೇ. 14ನೇ ಸೆಕ್ಷನ್ ಪ್ರಕಾರ ಇಬ್ಬರನ್ನೂ ಒಟ್ಟಿಗೇ ಕೂರಿಸಬೇಕು ಅಂತೇನಿಲ್ಲ, ಬೇರೆ ಬೇರೆಯಾಗಿಯೂ ಕೌನ್ಸೆಲಿಂಗ್ ಮಾಡಿಸಬಹುದು. ಅದೇ ಕಾಯ್ದೆಯ 2006ರ ನಿಯಮಗಳಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ಓದಿ ನನಗೆ ಅಳುವೇ ಬಂತು: ಹೊಡೆದವನು ತಾನು ಮಾಡಿದ್ದಕ್ಕೆ ಕೌನ್ಸೆಲಿಂಗಿನಲ್ಲಿ ಸಮರ್ಥನೆ ಕೊಡುವ ಹಾಗೇ ಇಲ್ಲ. ಅಂದರೆ "ಅವಳೇ ಸಿಟ್ಟು ಬರಿಸಿದ್ದು" ಅನ್ನೋ ಮಾತಿಗೆ ಅಲ್ಲಿ ಜಾಗವೇ ಇರಬಾರದಿತ್ತು.

ಅಮೆರಿಕದ ಡುಲೂತ್ ಊರಿನಲ್ಲಿ 1980ರ ದಶಕದ ಶುರುವಿನಲ್ಲೇ ಹೊಡೆಯುವ ಗಂಡಸರಿಗೆ ಪಾಠ ಶುರುವಾಯಿತು. ಆ ಪಾಠ ಹುಟ್ಟಿದ್ದು ಏಟು ತಿಂದ ಹೆಂಗಸರ ಮಾತಿನಿಂದ. ಬ್ರಿಟನ್ನಿನಲ್ಲಿ 2015ರಲ್ಲಿ ಬಂದ ಮಿರಾಬಲ್ ಅಧ್ಯಯನ ಇಂಥ ಪಾಠಗಳ ಫಲ ನೋಡುವಾಗ ಹೆಂಗಸರನ್ನೂ ಕೇಳಿತು. ಅವರು ಹೇಳಿದ್ದು ಬರೀ ಏಟಿನ ಲೆಕ್ಕವಲ್ಲ. ನನ್ನಷ್ಟಕ್ಕೆ ಓಡಾಡೋಕೆ ಆಗುತ್ತಾ, ಮರ್ಯಾದೆಯಿಂದ ಮಾತಾಡ್ತಾರಾ, ಮಕ್ಕಳು ಹೆದರದೆ ಇದ್ದಾರಾ, ಇದೂ ಲೆಕ್ಕಕ್ಕೆ ಬಂತು. ಸಕಲೇಶಪುರದ ಅಕ್ಕ ಬಸ್ಸಿನಲ್ಲಿ ಹೇಳಿದ್ದೂ ಅದನ್ನೇ.

ನಿಮ್ಮ ಪಕ್ಕದಲ್ಲೂ ಇಂಥ ಅಕ್ಕ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಇಲ್ಲಾ ತಾಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿ. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯಡಿ ಅವರೇ ರಕ್ಷಣಾಧಿಕಾರಿ. ಸುಮ್ನೆ ಇರಬೇಡಿ.

ಮುಂದಿನ ಸಿಟ್ಟಿಂಗಿಗೆ ಮುಂಚೆ ನಾವಿಬ್ಬರೂ ಕೂತು ಒಂದು ಅರ್ಜಿ ಬರೆದೆವು. ಅಕ್ಕನನ್ನು ಒಬ್ಬರನ್ನೇ ಒಳಗೆ ಕೂರಿಸಿ ಕೇಳಿ ಅಂತ. ಸಹಿ ಹಾಕಿ ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳೋಕೆ ಕೊಟ್ಟರು. ಮನೆಯಲ್ಲಿ ಇಟ್ಟರೆ ಭಾವನ ಕಣ್ಣಿಗೆ ಬೀಳುತ್ತಂತೆ.