ತೂಕ ಹೇರಿದ ಗೆಲುವು

ಫ್ರಾನ್ಸಿನಲ್ಲಿ ನಡೆಯೋ ಲ ಮಾನ್ 24 ಗಂಟೆ ಕಾರ್ ರೇಸ್ ಈಗ ಎಷ್ಟು ಹತ್ತಿರದ ಹೋರಾಟವಾಗಿದೆ ನೋಡಿ. 2024ರಲ್ಲಿ ಇಡೀ ಹಗಲು ರಾತ್ರಿ ಓಡಿದ ಮೇಲೂ ಒಂಬತ್ತು ಕಾರುಗಳು ಒಂದೇ ಲ್ಯಾಪ್‌ನಲ್ಲಿದ್ದವು, ಅಂದರೆ ಟ್ರ್ಯಾಕಿನ ಅಷ್ಟೇ ಸುತ್ತು ಮುಗಿಸಿದ್ದವು. ಗೆದ್ದ ಫೆರಾರಿಗೂ ಎರಡನೇ ಬಂದ ಟೊಯೋಟಾಗೂ ಇದ್ದ ಅಂತರ ಸುಮಾರು 14 ಸೆಕೆಂಡ್. 2025ರಲ್ಲಿ ಫೆರಾರಿ, ಪೋರ್ಷೆ ನಡುವೆಯೂ ಹೆಚ್ಚುಕಡಿಮೆ ಅಷ್ಟೇ.

ಇದರ ಹಿಂದಿರೋದು ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್. ಬೇರೆ ಬೇರೆ ಬಗೆಯಲ್ಲಿ ಕಟ್ಟಿದ ಕಾರುಗಳ ಕನಿಷ್ಠ ತೂಕ, ಎಂಜಿನ್ ಶಕ್ತಿಯನ್ನು ಸಂಘಟಕರೇ ಹೆಚ್ಚುಕಮ್ಮಿ ಮಾಡಿ ಸರಿದೂಗಿಸ್ತಾರೆ. 2023ರ ಲ ಮಾನ್‌ಗೆ ಮುಂಚೆ ಟೊಯೋಟಾಗೆ 37 ಕೆಜಿ ಹೇರಿದರು, ಫೆರಾರಿಗೆ 24, ಕ್ಯಾಡಿಲಾಕ್‌ಗೆ 11, ಪೋರ್ಷೆಗೆ ಬರೀ 3. ಐದು ವರ್ಷ ಸತತ ಗೆದ್ದಿದ್ದ ಟೊಯೋಟಾ ಸೋತಿತು. 50 ವರ್ಷದ ನಂತರ ರೇಸಿನ ಅತಿ ಮೇಲಿನ ದರ್ಜೆಗೆ ಮರಳಿದ ಫೆರಾರಿ ಗೆದ್ದಿತು.

ಆ ರಾತ್ರಿ ಜಯನಗರದ ಮನೇಲಿ ಜೊತೆಗೆ ಕೂತು ನೋಡ್ತಿದ್ದ ತಮ್ಮ ಕೇಳಿದ: "ಚೆನ್ನಾಗಿ ಓಡೋನ ಕಾಲಿಗೆ ಕಲ್ಲು ಕಟ್ಟೋದು ಯಾವ ನ್ಯಾಯ ಅಣ್ಣಾ?"

ಅವನ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೂ ಈ ಪದ್ಧತಿ ಬೇಕು ಅಂತಲೇ ನನ್ನ ವಾದ. ಇದಿಲ್ಲದಿದ್ದರೆ ಇಷ್ಟೊಂದು ಕಂಪನಿಗಳು ದುಡ್ಡು ಸುರಿದು ಬರ್ತಾನೇ ಇರಲಿಲ್ಲ. (ಬಿಎಂಡಬ್ಲ್ಯೂ, ಲ್ಯಾಂಬೋರ್ಗಿನಿ ಕೂಡ ಬಂದವು!) ನನ್ನ ತಕರಾರು ಬೇರೆ. ಯಾವ ಕಾರಿಗೆ ಎಷ್ಟು ತೂಕ ಅನ್ನೋ ಲೆಕ್ಕ ಯಾಕೆ ಹೀಗಾಯ್ತು ಅಂತ ನೋಡುಗರಿಗೂ ತಿಳೀಬೇಕು. ರೇಸ್ ಹತ್ತಿರ ಬಂದಾಗ ತೂಕ ಬದಲಿಸಬಾರದು. ತಿಂಗಳುಗಟ್ಟಲೆ ದುಡಿದ ಮೆಕ್ಯಾನಿಕ್‌ಗಳಿಗೆ, ಚಾಲಕರಿಗೆ ಅಷ್ಟಾದರೂ ಸಲ್ಲಬೇಕು.